ಹೈದರಾಬಾದಿನ ತಂಡಗಳು ಮತ್ತು ಅವುಗಳ ಧಣಿಗಳು

ಹೈದರಾಬಾದಿನ ಫುಟ್‌ಬಾಲನ್ನು ಎರಡು ಬಗೆಯ ಧಣಿಗಳು ಸಾಕಿದ್ದಾರೆ. ಮೊದಲನೆಯದು ಪೊಲೀಸ್ ಇಲಾಖೆ. ಆಟಗಾರನಿಗೆ ನೌಕರಿ ಕೊಟ್ಟು, ಸಮವಸ್ತ್ರ ತೊಡಿಸಿ, ಸಂಜೆ ಮೈದಾನಕ್ಕೆ ಬಿಡುತ್ತಿದ್ದ ಆ ವ್ಯವಸ್ಥೆ 1950ರ ದಶಕದಲ್ಲಿ ದೇಶದ ಅತ್ಯುತ್ತಮ ತಂಡಗಳಲ್ಲೊಂದನ್ನು ಕಟ್ಟಿತು. ಎರಡನೆಯವರು ಖಾಸಗಿ ಮಾಲೀಕರು. ಅವರ ಕೈಯಲ್ಲಿ 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ ಮೂರನೆಯ ಹಂಗಾಮಿನಲ್ಲೇ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಅದಾದ ಎರಡೇ ವರ್ಷಕ್ಕೆ ಆಟಗಾರರ ಸಂಬಳ ಬಾಕಿ ಉಳಿಸಿಕೊಂಡು ಪಟ್ಟಿಯ ತಳ ಸೇರಿತು. 2025ರಲ್ಲಿ ಊರನ್ನೇ ಬಿಟ್ಟು ದೆಹಲಿಗೆ ಹೋಯಿತು. ಇದೇ ನಗರದ ಕ್ರಿಕೆಟ್ ತಂಡ ಡೆಕ್ಕನ್ ಚಾರ್ಜರ್ಸ್ ಅದಕ್ಕೂ ಮೊದಲು, 2008ರಿಂದ 2012ರ ನಡುವೆ, ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿತ್ತು. ಖಾಸಗಿ ಹಣ ಬೇಗ ಗೆಲುವು ತಂದಿತು, ಅಷ್ಟೇ ಬೇಗ ಬತ್ತಿತು. ಅದು ಊರಿಗೆ ಏನು ಕೊಟ್ಟಿತು, ಏನು ಕೊಡಲಿಲ್ಲ ಎಂಬುದನ್ನು ತಿಳಿಯಲು ಪೊಲೀಸ್ ತಂಡದ ಕಾಲದಿಂದಲೇ ನೋಡಬೇಕು.

ಪೊಲೀಸ್ ತಂಡದ ಕಾಲ

ನಿಜಾಮರ ರಾಜಧಾನಿಯ ಮಗ್ಗುಲಲ್ಲೇ ಇದ್ದ ಸಿಕಂದರಾಬಾದಿನ ದಂಡಿನಲ್ಲಿ ಬ್ರಿಟಿಷ್ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಆಟ ನಗರದ ಶಾಲೆ, ಕಾಲೇಜು, ಮೊಹಲ್ಲಾಗಳಿಗೆ ಹರಡಿತು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ 1956ರವರೆಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಓದಿಗೂ ನೌಕರಿಗೂ ಅಲ್ಲಿಗೆ ಹೋಗುತ್ತಿದ್ದ ಕನ್ನಡಿಗರಿಗೆ ಈ ಆಟದ ಹುಚ್ಚು ಹೊಸದೇನಾಗಿರಲಿಲ್ಲ.

ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೆಸರು ಹೊರಗೆ ಕೇಳಿಬಂದದ್ದು ಬೆಂಗಳೂರಿನಲ್ಲಿ. 1943ರಲ್ಲಿ ಇಲ್ಲಿ ನಡೆದ ಆಶ್ ಗೋಲ್ಡ್ ಕಪ್ ಫೈನಲಿನಲ್ಲಿ ಅದು ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿತು. ಎದುರಾಳಿಗಳಲ್ಲಿ ಇಂಗ್ಲೆಂಡಿನ ಕ್ರಿಕೆಟಿಗನೂ ಆರ್ಸೆನಲ್ ತಂಡದ ಫುಟ್‌ಬಾಲ್ ಆಟಗಾರನೂ ಆಗಿದ್ದ ಡೆನಿಸ್ ಕಾಂಪ್ಟನ್ ಇದ್ದರು. ಅದೇ ವರ್ಷ ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾ ಮಾಸ್ತರರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ಪೊಲೀಸ್ ತಂಡದ ತರಬೇತುದಾರರೂ ಆದರು.

ಮುಂದಿನ ಹದಿಮೂರು ವರ್ಷ ಹೈದರಾಬಾದಿನ ಸುವರ್ಣಕಾಲ. 1950ರಿಂದ 1954ರವರೆಗೆ ಸತತ ಐದು ಬಾರಿ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1950ರಲ್ಲೇ ದೆಹಲಿಯಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ ಎತ್ತಿತು. 1954ರ ಡ್ಯುರಾಂಡ್ ಫೈನಲಿನಲ್ಲಿ ಅದಕ್ಕೆ ಸೋತದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತಂಡ. ಇತ್ತ ಹೈದರಾಬಾದ್ ರಾಜ್ಯ ತಂಡ 1956–57 ಮತ್ತು 1957–58ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಭಾರತ ತಂಡಕ್ಕೂ ರಹೀಮರೇ ತರಬೇತುದಾರರು. ಅವರ ಕೈಕೆಳಗೆ ದೇಶ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಪಡೆಯಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು, 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿ ಮತ್ತೆ ಚಿನ್ನ ಗೆದ್ದಿತು. ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಲೇ ಜಕಾರ್ತಾಕ್ಕೆ ಹೋಗಿದ್ದ ರಹೀಮ್ 1963ರ ಜೂನ್ 11ರಂದು ತೀರಿಕೊಂಡರು.

ಪೊಲೀಸ್ ತಂಡವನ್ನು ನಡೆಸಿದ್ದು ಶ್ರೀಮಂತರ ದುಡ್ಡಲ್ಲ. ಆಟಗಾರರು ಇಲಾಖೆಯ ನೌಕರರು. ಅವರ ಸಂಬಳ ಸರ್ಕಾರದ ಖಜಾನೆಯಿಂದ ತಿಂಗಳು ತಿಂಗಳು ಬರುತ್ತಿತ್ತು. ಗೆದ್ದರೂ ಸೋತರೂ ಗಾಯವಾಗಿ ಆಟ ನಿಂತರೂ ನೌಕರಿ ಹೋಗುತ್ತಿರಲಿಲ್ಲ. ಸಂಬಳ ಸಣ್ಣದು, ಆದರೆ ಬಡ ಮನೆಯ ಹುಡುಗನಿಗೆ ಅದು ಬದುಕಿನ ಭದ್ರತೆ. ರಹೀಮರ ಬಹುಪಾಲು ಶ್ರಮ ಊರಿನ ಹುಡುಗರ ಮೇಲೆಯೇ ಹೋಗುತ್ತಿತ್ತು. ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳದೆ ಒಂದೇ ಸ್ಪರ್ಶಕ್ಕೆ ದಾಟಿಸಬೇಕೆಂಬ ನಿಯಮದ ಪಂದ್ಯಾವಳಿಗಳನ್ನು ಅವರು ಕಿರಿಯರಿಗಾಗಿ ನಡೆಸುತ್ತಿದ್ದರು. ಸಿಕಂದರಾಬಾದಿನ ಅಮ್ಮುಗೂಡದ ಬಡ ಹುಡುಗ ತುಳಸೀದಾಸ್ ಬಲರಾಮ್ ಅಭ್ಯಾಸಕ್ಕೆ ಬರಲು ದುಡ್ಡಿಲ್ಲವೆಂದಾಗ ಬಾಡಿಗೆ ಸೈಕಲ್ಲಿನ ಖರ್ಚನ್ನು ರಹೀಮರೇ ಕೊಟ್ಟರು ಎಂದು ಬಲರಾಮ್ ಮುಂದೆ ಹೇಳುತ್ತಿದ್ದರು. ಆ ಹುಡುಗ 1956ರ ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರ ಆಡಿದ.

ಇಲಾಖೆಯ ಆಶ್ರಯಕ್ಕೂ ಮಿತಿಗಳಿದ್ದವು. ಕೋಲ್ಕತ್ತದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್‌ಗಳು ತೋರಿಸುತ್ತಿದ್ದ ಹಣಕ್ಕೂ ಕೀರ್ತಿಗೂ ಪೊಲೀಸ್ ಪೇದೆಯ ಸಂಬಳ ಎದುರಾಗಲಾರದಾಯಿತು. ಬಲರಾಮ್ 1957ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಮೊಹಮ್ಮದ್ ಹಬೀಬ್ 1966ರಲ್ಲಿ ಅದೇ ದಾರಿ ಹಿಡಿದರು. 1977ರಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮಾಸ್ ತಂಡದ ವಿರುದ್ಧ ಮೋಹನ್ ಬಾಗಾನ್ 2–2ರ ಸಮ ಸಾಧಿಸಿದಾಗ ಗೋಲು ಹೊಡೆದವರಲ್ಲಿ ಈ ಹಬೀಬರೂ ಒಬ್ಬರು. 1970ರಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಕಂಚು ತಂದ ನಾಯಕ ಸೈಯದ್ ನಯೀಮುದ್ದೀನ್ ಕೂಡ ಹೈದರಾಬಾದಿನವರೇ, ಹೆಸರು ಮಾಡಿದ್ದು ಮಾತ್ರ ಕೋಲ್ಕತ್ತದಲ್ಲಿ. ರಹೀಮರ ನಂತರ ತಂಡ ಕಟ್ಟಬಲ್ಲ ಇನ್ನೊಬ್ಬ ಮಾಸ್ತರ್ ಸಿಗಲಿಲ್ಲ. ಮೈದಾನಗಳನ್ನು ಕ್ರಿಕೆಟ್ ಆವರಿಸಿಕೊಂಡಿತು. 1980ರ ದಶಕ ಮುಗಿಯುವ ಹೊತ್ತಿಗೆ ಹೈದರಾಬಾದಿನ ಫುಟ್‌ಬಾಲ್ ಎಂದರೆ ಹಿರಿಯರು ಹೇಳುವ ಹಳೆಯ ಕಥೆಯಾಗಿತ್ತು.

ಬೆಂಗಳೂರಿನ ಹಣ, ಕೋಲ್ಕತ್ತದ ಕ್ಲಬ್‌ಗಳು

1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದ ಮೇಲೆ ಭಾರತದ ಕ್ಲಬ್‌ಗಳಿಗೆ ಹಿಂದೆಂದೂ ಇಲ್ಲದಷ್ಟು ದುಡ್ಡು ಬೇಕಾಯಿತು. ವಿದೇಶಿ ಆಟಗಾರರ ಸಂಬಳ, ದೇಶವಿಡೀ ತಿರುಗುವ ಪ್ರಯಾಣ, ಹೋಟೆಲ್ ವಾಸ ಇವನ್ನೆಲ್ಲ ಸದಸ್ಯರ ಚಂದಾದಿಂದ ತೂಗಿಸುವುದು ಸಾಧ್ಯವಿರಲಿಲ್ಲ. ಈ ಬಿರುಕಿನಲ್ಲಿ ಕಾಲಿಟ್ಟವರು ವಿಜಯ್ ಮಲ್ಯ. ಬಂಟ್ವಾಳ ಮೂಲದ ಮನೆತನದವರಾದ ಮಲ್ಯ ಹುಟ್ಟಿ ಬೆಳೆದದ್ದು ಕೋಲ್ಕತ್ತದಲ್ಲಿ. ತಂದೆ ವಿಠಲ ಮಲ್ಯರ ನಂತರ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹದ ಧಣಿಯಾದರು. ಕುದುರೆ, ಕಾರು, ವಿಹಾರ ನೌಕೆ, ಕ್ಯಾಲೆಂಡರ್, ಔತಣಕೂಟ ಎಂದು ಮೆರೆಯುವುದನ್ನು ಅವರು ಖಾಸಗಿ ಖಯಾಲಿಯಾಗಿ ಇಟ್ಟುಕೊಳ್ಳಲಿಲ್ಲ, ವ್ಯಾಪಾರದ ಪ್ರಚಾರವಾಗಿಯೇ ಬಳಸಿದರು. ಮದ್ಯದ ನೇರ ಜಾಹೀರಾತಿಗೆ ನಿರ್ಬಂಧವಿದ್ದ ದೇಶದಲ್ಲಿ ಆಟದ ಅಂಗಿಯ ಮೇಲಿನ ಹೆಸರಿಗೆ ದೊಡ್ಡ ಬೆಲೆ ಇತ್ತು.

1998ರಲ್ಲಿ ಅವರ ಸಮೂಹ ಪರಸ್ಪರ ಬದ್ಧ ಎದುರಾಳಿಗಳಾದ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡೂ ಕ್ಲಬ್‌ಗಳಲ್ಲಿ ಅರ್ಧರ್ಧ ಪಾಲು ಕೊಂಡಿತು. ಮೋಹನ್ ಬಾಗಾನಿನ ಮುಂದೆ ಮ್ಯಾಕ್‌ಡೊವೆಲ್, ಈಸ್ಟ್ ಬೆಂಗಾಲಿನ ಮುಂದೆ ಕಿಂಗ್‌ಫಿಷರ್ ಎಂಬ ಹೆಸರು ಸೇರಿತು. ಒಂದೇ ಧಣಿ ಎರಡು ಎದುರಾಳಿ ತಂಡಗಳಲ್ಲೂ ಪಾಲು ಪಡೆಯುವುದು ಯುರೋಪಿನ ನಿಯಮಗಳ ಪ್ರಕಾರ ಊಹಿಸಲಾಗದ ಮಾತು. ಆದರೂ ಫಲ ಕಾಣಿಸಿತು. 1999–2000ರಿಂದ 2003–04ರವರೆಗಿನ ಐದೂ ರಾಷ್ಟ್ರೀಯ ಲೀಗ್ ಪ್ರಶಸ್ತಿಗಳು ಈ ಎರಡು ಕ್ಲಬ್‌ಗಳಿಗೇ ಹೋದವು. 2003ರ ಜುಲೈಯಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಾದಲ್ಲಿ ಥಾಯ್ಲೆಂಡಿನ ಬಿಇಸಿ ತೆರೊ ಸಾಸಾನ ತಂಡವನ್ನು 3–1ರಿಂದ ಸೋಲಿಸಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದಿತು.

ಮಲ್ಯರ ವಿಮಾನ ಸಂಸ್ಥೆ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು, ಬ್ಯಾಂಕುಗಳಿಗೆ ಸಾವಿರಾರು ಕೋಟಿ ಸಾಲ ತೀರಬೇಕಿತ್ತು. 2016ರ ಮಾರ್ಚಿನಲ್ಲಿ ಮಲ್ಯ ದೇಶ ಬಿಟ್ಟರು. ಆದರೆ ಅವರ ಕುಸಿತದೊಂದಿಗೆ ಕೋಲ್ಕತ್ತದ ಕ್ಲಬ್‌ಗಳು ಕುಸಿಯಲಿಲ್ಲ. ಅವುಗಳ ಉಳಿದರ್ಧ ಪಾಲು, ಹೆಸರು, ಬಣ್ಣ, ಮೈದಾನದ ಹಕ್ಕು ಸದಸ್ಯರ ಸಂಘಗಳಲ್ಲೇ ಇದ್ದವು. 2018ರಲ್ಲಿ ಬೆಂಗಳೂರಿನದೇ ಇನ್ನೊಂದು ಸಂಸ್ಥೆ ಕ್ವೆಸ್ ಕಾರ್ಪ್ ಈಸ್ಟ್ ಬೆಂಗಾಲಿನ ಹೂಡಿಕೆದಾರನಾಯಿತು. ಮುಂದೆಯೂ ಹೂಡಿಕೆದಾರರು ಬದಲಾದರು, ಕ್ಲಬ್ ಕೋಲ್ಕತ್ತದಲ್ಲೇ ಉಳಿಯಿತು. ಹೈದರಾಬಾದಿನಲ್ಲಿ ಅಂಥ ಸದಸ್ಯರ ಸಂಘವಿರಲಿಲ್ಲ. ಅಲ್ಲಿನ ಹಳೆಯ ತಂಡ ಇಲಾಖೆಗೆ ಸೇರಿದ್ದು. ಹೊಸ ತಂಡಗಳು ಪೂರ್ತಿಯಾಗಿ ಧಣಿಯ ಸೊತ್ತಾಗಿಯೇ ಹುಟ್ಟಿದವು.

ಪತ್ರಿಕೆಯ ಧಣಿ, ಕ್ರಿಕೆಟ್ ತಂಡ

ಹಾಗೆ ಹುಟ್ಟಿದ ದೊಡ್ಡ ತಂಡಗಳಲ್ಲಿ ಮೊದಲನೆಯದು ಕ್ರಿಕೆಟಿನದು. 2008ರ ಜನವರಿಯಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ತಂಡಗಳ ಹರಾಜು ನಡೆದಾಗ ಹೈದರಾಬಾದನ್ನು ಡೆಕ್ಕನ್ ಕ್ರಾನಿಕಲ್ ಪತ್ರಿಕಾ ಸಂಸ್ಥೆ 10 ಕೋಟಿ 70 ಲಕ್ಷ ಡಾಲರಿಗೆ ಕೊಂಡಿತು. ಬೆಂಗಳೂರನ್ನು ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ಪಡೆದರು. ಡೆಕ್ಕನ್ ಕ್ರಾನಿಕಲ್ಲಿನ ಅಧ್ಯಕ್ಷ ಟಿ. ವೆಂಕಟರಾಮ್ ರೆಡ್ಡಿ ಕೂಡ ರೇಸ್ ಕುದುರೆಗಳಿಗೂ ದುಬಾರಿ ಕಾರುಗಳಿಗೂ ಹೆಸರಾದವರು. ತಂಡಕ್ಕೆ ಪತ್ರಿಕೆಯ ಹೆಸರಿನ ಮೊದಲರ್ಧವನ್ನೇ ಇಟ್ಟು ಡೆಕ್ಕನ್ ಚಾರ್ಜರ್ಸ್ ಎಂದು ಕರೆದರು.

ಮೊದಲ ವರ್ಷ ತಂಡ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಮರುವರ್ಷ ಲೋಕಸಭಾ ಚುನಾವಣೆಯಿಂದಾಗಿ ಪಂದ್ಯಾವಳಿ ದಕ್ಷಿಣ ಆಫ್ರಿಕಕ್ಕೆ ಹೋಯಿತು. ಅಲ್ಲಿ ಆಡಂ ಗಿಲ್‌ಕ್ರಿಸ್ಟ್ ನಾಯಕತ್ವದಲ್ಲಿ ಚಾರ್ಜರ್ಸ್ ಫೈನಲಿಗೆ ಬಂತು. 2009ರ ಮೇ 24ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಎದುರಿಗಿದ್ದದ್ದು ಅನಿಲ್ ಕುಂಬ್ಳೆ ನಾಯಕತ್ವದ ಬೆಂಗಳೂರು. ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಹೈದರಾಬಾದ್ 143 ರನ್ ಗಳಿಸಿತು. ಬೆಂಗಳೂರು 137ಕ್ಕೆ ನಿಂತು 6 ರನ್ನುಗಳಿಂದ ಸೋತಿತು. ಅಂದು ಸೆಣಸಿದ ಎರಡು ತಂಡಗಳ ಧಣಿಗಳಿಬ್ಬರೂ ಮೂರು ವರ್ಷಗಳಲ್ಲೇ ಸಾಲದ ಸುಳಿಗೆ ಬಿದ್ದರು.

ಪತ್ರಿಕಾ ಸಂಸ್ಥೆಯ ಸಾಲ ಬೆಳೆದಂತೆ ತಂಡದ ಖರ್ಚೂ ತೂಗದಾಯಿತು. 2012ರಲ್ಲಿ ಆಟಗಾರರಿಗೆ ಹಣ ಬಾಕಿ ಉಳಿಯಿತು. ತಂಡವನ್ನು ಮಾರಲು ನಡೆಸಿದ ಹರಾಜು ಫಲಿಸಲಿಲ್ಲ. ಸೆಪ್ಟೆಂಬರಿನಲ್ಲಿ ಭಾರತೀಯ ಕ್ರಿಕೆಟ್ ಮಂಡಳಿ ಒಪ್ಪಂದವನ್ನೇ ರದ್ದು ಮಾಡಿತು. ಮುಂದಿನ ತಿಂಗಳು ಚೆನ್ನೈನ ಸನ್ ಟಿವಿ ಸಂಸ್ಥೆ ವರ್ಷಕ್ಕೆ 85.05 ಕೋಟಿ ರೂಪಾಯಿಯ ಬಿಡ್ ಮಾಡಿ ಹೈದರಾಬಾದನ್ನು ಪಡೆದು ಸನ್‌ರೈಸರ್ಸ್ ಕಟ್ಟಿತು. ಒಪ್ಪಂದ ರದ್ದಾದದ್ದರ ವಿರುದ್ಧದ ವ್ಯಾಜ್ಯ ತಂಡಕ್ಕಿಂತ ಹೆಚ್ಚು ಕಾಲ ಬಾಳಿತು. 2020ರಲ್ಲಿ ಪಂಚಾಯ್ತಿದಾರರು ಮಂಡಳಿ 4,814 ಕೋಟಿ ರೂಪಾಯಿಯನ್ನು ಬಡ್ಡಿ ಸೇರಿಸಿ ಕೊಡಬೇಕೆಂದು ತೀರ್ಪಿತ್ತರು. 2021ರ ಜೂನಿನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ತಳ್ಳಿಹಾಕಿತು.

ಬೆಂಗಳೂರು ತಂಡದ ಹಾದಿ ಬೇರೆಯಾಯಿತು. ಅದು ಮಲ್ಯರ ವಿಮಾನ ಸಂಸ್ಥೆಗೆ ಸೇರಿರಲಿಲ್ಲ, ಮದ್ಯ ತಯಾರಿಸುವ ಯುನೈಟೆಡ್ ಸ್ಪಿರಿಟ್ಸ್‌ನ ಅಂಗಸಂಸ್ಥೆಯ ಕೈಯಲ್ಲಿತ್ತು. ಆ ಕಂಪನಿ ಬ್ರಿಟನ್ನಿನ ಡಿಯಾಜಿಯೊ ಪಾಲಾದಾಗ ತಂಡವೂ ಅದರ ಜೊತೆಗೇ ಹೋಗಿ, ಹೆಸರೂ ಊರೂ ಬದಲಾಗದೆ ಉಳಿಯಿತು. ಇಬ್ಬರು ಧಣಿಗಳ ಆಡಂಬರ ಒಂದೇ ಬಗೆಯದು. ತಂಡಗಳ ಗತಿ ಬೇರೆಯಾದದ್ದಕ್ಕೆ ಅವು ಯಾವ ಕಂಪನಿಯ ಖಾತೆಯಲ್ಲಿದ್ದವು ಎಂಬುದೇ ಕಾರಣ.

ಹೈದರಾಬಾದ್ ಎಫ್‌ಸಿಯ ಏಳಿಗೆ

ಭಾರತೀಯ ಫುಟ್‌ಬಾಲ್ ಕೂಡ ಇದೇ ಮಾದರಿಗೆ ತಿರುಗಿತು. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 700 ಕೋಟಿ ರೂಪಾಯಿಗೆ 15 ವರ್ಷಗಳ ವಾಣಿಜ್ಯ ಹಕ್ಕನ್ನು ಐಎಂಜಿ–ರಿಲಯನ್ಸ್‌ಗೆ ಬರೆದುಕೊಟ್ಟಿತು. ಆ ಒಪ್ಪಂದದ ಫಲವಾಗಿ 2014ರಲ್ಲಿ ಎಂಟು ಫ್ರಾಂಚೈಸಿಗಳ ಇಂಡಿಯನ್ ಸೂಪರ್ ಲೀಗ್ ಆರಂಭವಾಯಿತು. ಸಿನಿಮಾ ತಾರೆಯರು, ಕ್ರಿಕೆಟಿಗರು, ಉದ್ಯಮಿಗಳು ತಂಡಗಳ ಮುಖಗಳಾದರು. ಕಾರ್ಖಾನೆಗಳ ಹಳೆಯ ತಂಡಗಳಾದ ಮಹೀಂದ್ರ ಯುನೈಟೆಡ್ ಮತ್ತು ಜೆಸಿಟಿ ಅದಕ್ಕೂ ಮೊದಲೇ ಬಾಗಿಲು ಮುಚ್ಚಿದ್ದವು. ಮೊದಲ ಎಂಟರ ಪಟ್ಟಿಯಲ್ಲಿ ಹೈದರಾಬಾದಿನ ಹೆಸರಿರಲಿಲ್ಲ. ದೇಶಕ್ಕೆ ಒಲಿಂಪಿಕ್ ಆಟಗಾರರ ಸಾಲನ್ನೇ ಕೊಟ್ಟ ನಗರ ಐದು ವರ್ಷ ಹೊರಗೇ ಉಳಿಯಿತು.

ಜಾಗ ತೆರವಾದದ್ದೂ ಇನ್ನೊಬ್ಬ ಮಾಲೀಕರ ಸೋಲಿನಿಂದಲೇ. ಹಣದ ಮುಗ್ಗಟ್ಟಿಗೆ ಸಿಲುಕಿದ ಎಫ್‌ಸಿ ಪುಣೆ ಸಿಟಿ 2019ರಲ್ಲಿ ಮುಚ್ಚಿತು. ಅದರ ಸ್ಥಾನಕ್ಕೆ ಆಗಸ್ಟ್ ಕೊನೆಯಲ್ಲಿ, ಲೀಗ್ ಶುರುವಾಗಲು ಎರಡು ತಿಂಗಳೂ ಇಲ್ಲದಿರುವಾಗ, ಹೈದರಾಬಾದ್ ಎಫ್‌ಸಿ ಬಂತು. ಮಾಲೀಕರು ಉದ್ಯಮಿ ವಿಜಯ್ ಮದ್ದೂರಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡದ ಮುಖ್ಯಾಧಿಕಾರಿಯಾಗಿದ್ದ ವರುಣ್ ತ್ರಿಪುರನೇನಿ. ತಾರಾಮೆರುಗಿಗೆ ತೆಲುಗು ನಟ ರಾಣಾ ದಗ್ಗುಬಾಟಿ ಸಹಮಾಲೀಕರಾಗಿ ಸೇರಿದರು. ಮಲ್ಯ, ರೆಡ್ಡಿಯರಂತೆ ಒಬ್ಬನೇ ಧಣಿಯ ದರ್ಬಾರು ಇಲ್ಲಿರಲಿಲ್ಲ. ಆದರೂ ತಂಡದ ಅಷ್ಟೂ ಭಾರ ಕೆಲವೇ ಜನರ ಜೇಬಿನ ಮೇಲಿತ್ತು. ಮನೆಯಂಗಳವಾಗಿ ಗಚ್ಚಿಬೌಲಿಯ ಜಿ.ಎಂ.ಸಿ. ಬಾಲಯೋಗಿ ಕ್ರೀಡಾಂಗಣ ಸಿಕ್ಕಿತು. ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸರ್ಕಾರವೇ ಕಟ್ಟಿಸಿದ್ದ ಜಾಗವದು.

ಆರಂಭ ಕಷ್ಟದ್ದಾಗಿತ್ತು. ಮೊದಲ ಪಂದ್ಯದಲ್ಲಿ ಕೋಲ್ಕತ್ತದ ಎಟಿಕೆ ತಂಡಕ್ಕೆ 5–0ರಿಂದ ಸೋತ ತಂಡ ಇಡೀ ಹಂಗಾಮಿನಲ್ಲಿ 10 ಅಂಕ ಗಳಿಸಿ ಹತ್ತು ತಂಡಗಳಲ್ಲಿ ಹತ್ತನೆಯದಾಯಿತು. ಇಂಗ್ಲೆಂಡಿನ ತರಬೇತುದಾರ ಫಿಲ್ ಬ್ರೌನ್ ನಡುವೆಯೇ ಹೊರಬಿದ್ದರು. 2020ರಲ್ಲಿ ಸ್ಪೇನಿನ ಮನೋಲೊ ಮಾರ್ಕೆಸ್ ಬಂದ ಮೇಲೆ ದೆಸೆ ತಿರುಗಿತು. ಹೆಸರಾಂತ ಹಿರಿಯರಿಗೆ ಹಣ ಸುರಿಯುವ ಬದಲು ಮಾರ್ಕೆಸ್ ಎಳೆಯ ಭಾರತೀಯ ಆಟಗಾರರನ್ನು ಕಣಕ್ಕಿಳಿಸಿದರು. ಆಕಾಶ್ ಮಿಶ್ರಾ, ಆಶಿಷ್ ರೈ, ಲಿಸ್ಟನ್ ಕೊಲಾಸೊ, ಮೊಹಮ್ಮದ್ ಯಾಸಿರ್ ಆ ಅವಧಿಯಲ್ಲಿ ಮುಂದೆ ಬಂದವರು. 2020–21ರಲ್ಲಿ ಐದನೆಯ ಸ್ಥಾನ. 2021–22ರಲ್ಲಿ 38 ಅಂಕಗಳೊಂದಿಗೆ ಎರಡನೆಯ ಸ್ಥಾನ. ನೈಜೀರಿಯದ ಬಾರ್ತೊಲೊಮ್ಯೂ ಒಗ್ಬೆಚೆ 18 ಗೋಲು ಹೊಡೆದು ಲೀಗಿನ ಅಗ್ರ ಗೋಲುಗಾರರಾದರು.

2022ರ ಮಾರ್ಚ್ 20ರಂದು ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣದಲ್ಲಿ ಫೈನಲ್ ನಡೆಯಿತು. ಎದುರಾಳಿ ಕೇರಳ ಬ್ಲಾಸ್ಟರ್ಸ್. ಗ್ಯಾಲರಿಗಳಲ್ಲಿ ಕೇರಳದ ಬೆಂಬಲಿಗರೇ ತುಂಬಿದ್ದರು. ಹಿಂದೆ ಬಿದ್ದಿದ್ದ ಹೈದರಾಬಾದಿಗೆ 88ನೆಯ ನಿಮಿಷದಲ್ಲಿ ಸಾಹಿಲ್ ತಾವೋರಾ ಸಮಬಲದ ಗೋಲು ತಂದರು. ಪೆನಾಲ್ಟಿಗಳಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಹೊಡೆತಗಳನ್ನು ತಡೆದು 3–1ರ ಗೆಲುವು ಕೊಟ್ಟರು. ಕೋವಿಡ್ ಕಾರಣದಿಂದ 2020–21 ಮತ್ತು 2021–22ರ ಹಂಗಾಮುಗಳ ಎಲ್ಲ ಪಂದ್ಯಗಳೂ ಗೋವಾದಲ್ಲೇ ನಡೆದವು. ಹೀಗಾಗಿ ಪ್ರಶಸ್ತಿ ಗೆದ್ದ ಹಂಗಾಮಿನ ಒಂದು ಪಂದ್ಯವೂ ಗಚ್ಚಿಬೌಲಿಯಲ್ಲಿ ಆಗಲಿಲ್ಲ. ಊರಿನ ಅಭಿಮಾನಿಗಳು ತಮ್ಮ ತಂಡದ ಅತ್ಯುತ್ತಮ ದಿನಗಳನ್ನು ಟಿವಿಯಲ್ಲಿ ನೋಡಿದರು. 2022–23ರಲ್ಲಿ ತಂಡ ಮನೆಗೆ ಮರಳಿ 42 ಅಂಕ ಗಳಿಸಿ ಮತ್ತೆ ಎರಡನೆಯದಾಯಿತು. ಸೆಮಿಫೈನಲಿನಲ್ಲಿ ಎಟಿಕೆ ಮೋಹನ್ ಬಾಗಾನಿಗೆ ಪೆನಾಲ್ಟಿಗಳಲ್ಲಿ ಸೋತಿತು.

ಬಾಕಿ ಸಂಬಳದ ವರ್ಷ

ಸೂಪರ್ ಲೀಗಿನ ಲೆಕ್ಕಾಚಾರ ಐಪಿಎಲ್‌ನಂತೆ ಇರಲಿಲ್ಲ. ಐಪಿಎಲ್ ತಂಡಗಳಿಗೆ ಟಿವಿ ಹಕ್ಕಿನ ಪಾಲೇ ಖರ್ಚನ್ನು ತೂಗಿಸುವಷ್ಟು ದೊಡ್ಡದು. ಫುಟ್‌ಬಾಲಿನಲ್ಲಿ ಆ ಪಾಲು ಸಣ್ಣದು, ಟಿಕೆಟ್ ಮಾರಾಟ ಅದಕ್ಕಿಂತ ಸಣ್ಣದು. ಫ್ರಾಂಚೈಸಿ ಶುಲ್ಕ, ವಿದೇಶಿ ಆಟಗಾರರ ಸಂಬಳ, ಪ್ರಯಾಣ ಎಲ್ಲ ಸೇರಿ ವರ್ಷ ವರ್ಷ ಬೀಳುವ ನಷ್ಟವನ್ನು ಮಾಲೀಕ ಕೈಯಿಂದ ಹಾಕಿ ತುಂಬಬೇಕು. ದೊಡ್ಡ ಉಕ್ಕು, ಸಿಮೆಂಟ್ ಸಮೂಹಗಳಿಗೆ ಅದು ಪ್ರಚಾರದ ಖರ್ಚು. ಅಂಥ ಬೆಂಬಲವಿಲ್ಲದ ಮಾಲೀಕರಿಗೆ ಗೆದ್ದ ಹಂಗಾಮೂ ನಷ್ಟದ್ದೇ. ಚೆನ್ನಾಗಿ ಆಡಿದ ಆಟಗಾರರ ಬೆಲೆ ಏರುತ್ತದೆ, ಅವರನ್ನು ಹಿಡಿದಿಡುವ ಖರ್ಚೂ ಏರುತ್ತದೆ. ಕೊಲಾಸೊ 2021ರಲ್ಲಿ, ರೈ 2022ರಲ್ಲಿ, ಮಿಶ್ರಾ 2023ರಲ್ಲಿ ಬೇರೆ ತಂಡಗಳಿಗೆ ಹೋದರು. ಮಾರ್ಕೆಸ್ ಕೂಡ 2023ರಲ್ಲಿ ಗೋವಾ ಸೇರಿದರು.

2023–24ರ ಹಂಗಾಮಿನಲ್ಲಿ ಬಿರುಕು ಬಯಲಾಯಿತು. ಹೊಸ ತರಬೇತುದಾರ ಐರ್ಲೆಂಡಿನ ಕಾನರ್ ನೆಸ್ಟರ್ ಅರ್ಧದಲ್ಲೇ ಬಿಟ್ಟುಹೋದರು. ಆಟಗಾರರಿಗೂ ಸಿಬ್ಬಂದಿಗೂ ತಿಂಗಳುಗಳ ಸಂಬಳ ಬಾಕಿ ಬಿತ್ತು. ಹಿಂದಿನ ಬಾಕಿಗಳ ದೂರಿನ ಮೇಲೆ ಫಿಫಾ ಹೊಸ ಆಟಗಾರರ ನೋಂದಣಿಗೆ ತಡೆ ಹಾಕಿತು. ಜನವರಿಯ ಹೊತ್ತಿಗೆ ವಿದೇಶಿ ಆಟಗಾರರಲ್ಲಿ ಬ್ರೆಜಿಲಿನ ಜುವಾವ್ ವಿಕ್ತೋರ್ ಒಬ್ಬರೇ ಉಳಿದಿದ್ದರು. ಹಿರಿಯ ಭಾರತೀಯ ಆಟಗಾರರೂ ಒಬ್ಬೊಬ್ಬರಾಗಿ ಹೊರಟರು. ತರಬೇತಿಯ ಹೊಣೆ ಹೊತ್ತ ಥಾಂಗ್‌ಬೋಯ್ ಸಿಂಗ್ಟೊ ಮೀಸಲು ತಂಡದ ಹುಡುಗರನ್ನು ಕೂಡಿಸಿಕೊಂಡು ಪಂದ್ಯಗಳನ್ನು ಮುಗಿಸಿದರು. 22 ಪಂದ್ಯಗಳಲ್ಲಿ ಒಂದೇ ಗೆಲುವು, 8 ಅಂಕ, ಕೊನೆಯ ಸ್ಥಾನ. ಆ ಹುಡುಗರಲ್ಲಿ ಕೆಲವರಿಗೆ ಲೀಗಿನ ಮೊದಲ ಅವಕಾಶ ಸಿಕ್ಕಿದ್ದು ಈ ದುರವಸ್ಥೆಯಿಂದಲೇ.

2024ರಲ್ಲಿ ಬಿ.ಸಿ. ಜಿಂದಾಲ್ ಸಮೂಹ ಕ್ಲಬ್ಬನ್ನು ಕೊಂಡಿತು. ಬೆಂಗಳೂರು ಎಫ್‌ಸಿಯ ಮಾಲೀಕರಾದ ಜೆಎಸ್‌ಡಬ್ಲ್ಯು ಸಮೂಹಕ್ಕಿಂತ ಇದು ಬೇರೆ. ತಡವಾಗಿ ಕಟ್ಟಿದ ತಂಡ 2024–25ರಲ್ಲಿ ಹದಿಮೂರು ತಂಡಗಳಲ್ಲಿ ಹನ್ನೆರಡನೆಯದಾಯಿತು. ಅಷ್ಟರಲ್ಲಿ ಲೀಗಿನ ಬುಡವೇ ಅಲುಗಿತು. ಒಕ್ಕೂಟದ 15 ವರ್ಷಗಳ ವಾಣಿಜ್ಯ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯಲಿತ್ತು. ಮುಂದೇನೆಂದು ತೀರ್ಮಾನವಾಗದೆ ಹೊಸ ಹಂಗಾಮು ಮುಂದಕ್ಕೆ ಹೋಯಿತು. ಬೆಂಗಳೂರು ಎಫ್‌ಸಿಯಂಥ ಗಟ್ಟಿ ಬೆಂಬಲದ ಕ್ಲಬ್ಬೇ ಆಗಸ್ಟಿನಲ್ಲಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಅಕ್ಟೋಬರಿನಲ್ಲಿ ಹೈದರಾಬಾದ್ ಎಫ್‌ಸಿ ಸ್ಪೋರ್ಟಿಂಗ್ ಕ್ಲಬ್ ದೆಹಲಿ ಎಂಬ ಹೊಸ ಹೆಸರಿನಲ್ಲಿ ರಾಜಧಾನಿಗೆ ತೆರಳಿತು. ಪುಣೆಯ ಜಾಗದಲ್ಲಿ ಹುಟ್ಟಿದ ತಂಡ ಆರು ವರ್ಷಕ್ಕೆ ಇನ್ನೊಂದು ಊರಿನದಾಯಿತು. ಅದನ್ನು ತಡೆಯುವ ಹಕ್ಕು ಅಭಿಮಾನಿಗಳಿಗಾಗಲಿ ನಗರಕ್ಕಾಗಲಿ ಇರಲಿಲ್ಲ.

ಉಳಿದದ್ದೇನು

ಖಾಸಗಿ ಒಡೆತನದ ಲೆಕ್ಕದಲ್ಲಿ ಜಮೆಯ ಕಡೆಗೂ ಬರೆಯುವುದಿದೆ. ನಾಲ್ಕು ದಶಕಗಳಿಂದ ಮಂಕಾಗಿದ್ದ ಊರಿಗೆ ಹೈದರಾಬಾದ್ ಎಫ್‌ಸಿ ದೇಶದ ಅತಿ ದೊಡ್ಡ ಲೀಗಿನ ಪ್ರಶಸ್ತಿ ತಂದಿತು. ಡೆಕ್ಕನ್ ಲೀಜನ್ ಎಂಬ ಬೆಂಬಲಿಗರ ಬಳಗ ಹುಟ್ಟಿತು. ರಹೀಮರ ಹೆಸರು ಕೇಳದ ಪೀಳಿಗೆ ಗ್ಯಾಲರಿಗೆ ಬಂತು. ಆಕಾಶ್ ಮಿಶ್ರಾರಂಥ ಆಟಗಾರರು ಇಲ್ಲಿಂದ ಭಾರತ ತಂಡಕ್ಕೆ ಏರಿದರು. ಮಾರ್ಕೆಸ್ 2024ರಲ್ಲಿ ಭಾರತ ತಂಡದ ತರಬೇತುದಾರರಾದರು. ಇಷ್ಟೆಲ್ಲ ಸಾಧ್ಯವಾದದ್ದು ಮಾಲೀಕರು ಅಪಾಯಕ್ಕೆ ಒಡ್ಡಿದ ಹಣದಿಂದಲೇ.

ಖರ್ಚಿನ ಕಡೆಯ ಪಟ್ಟಿಯೂ ಉದ್ದವಿದೆ. ಗೆದ್ದ ತಂಡದ ಮುಖ್ಯ ಭಾರತೀಯ ಆಟಗಾರರು ಉತ್ತರ ಪ್ರದೇಶ, ಸಿಕ್ಕಿಂ, ಗೋವಾ, ಮಣಿಪುರಗಳವರು. ಪೊಲೀಸ್ ತಂಡದಲ್ಲಿದ್ದಂತೆ ಊರಿನ ಮೊಹಲ್ಲಾಗಳಿಂದ ಆಟಗಾರರನ್ನು ಎತ್ತುವ ಏರ್ಪಾಡು ಆರು ವರ್ಷಗಳಲ್ಲಿ ಬೇರೂರಲಿಲ್ಲ. ಮಾಲೀಕರು ಕಟ್ಟಿದ ಮೈದಾನವೆಂದು ಉಳಿದದ್ದಿಲ್ಲ. ಆಡುತ್ತಿದ್ದ ಕ್ರೀಡಾಂಗಣ ಸರ್ಕಾರದ್ದಾದ್ದರಿಂದ ತಂಡ ಹೋದರೂ ಅದು ಊರಿನಲ್ಲೇ ಇದೆ. 2024ರ ಡಿಸೆಂಬರ್ 31ರಂದು ಬಂಗಾಳ ಮತ್ತು ಕೇರಳದ ನಡುವಿನ ಸಂತೋಷ್ ಟ್ರೋಫಿ ಫೈನಲ್ ನಡೆದದ್ದು ಅಲ್ಲಿಯೇ.

ಬೇರೆ ದಾರಿಯೂ ಇದೆ ಎಂಬುದಕ್ಕೆ ಅದೇ ನಗರದಲ್ಲಿ ಉದಾಹರಣೆಯಿದೆ. ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಶ್ರೀನಿಧಿ ಸಮೂಹದ ಶ್ರೀನಿಧಿ ಡೆಕ್ಕನ್ ಎಫ್‌ಸಿ 2021–22ರಲ್ಲಿ ಸೂಪರ್ ಲೀಗಿನ ನಂತರದ ಹಂತವಾದ ಐ-ಲೀಗ್ ಸೇರಿತು. ಮೊದಲ ಹಂಗಾಮಿನಲ್ಲಿ ಮೂರನೆಯ ಸ್ಥಾನ, 2022–23 ಮತ್ತು 2023–24ರಲ್ಲಿ ಎರಡನೆಯ ಸ್ಥಾನ ಪಡೆಯಿತು. ಅಜೀಜ್‌ನಗರದಲ್ಲಿ ಡೆಕ್ಕನ್ ಅರೀನಾ ಎಂಬ ಸ್ವಂತ ಮೈದಾನವನ್ನೂ ಮಾಡಿಕೊಂಡಿತು. ತಾರೆಯರಿಲ್ಲ, ಟಿವಿ ಪ್ರಚಾರ ಕಡಿಮೆ, ಪ್ರಶಸ್ತಿಯೂ ಕೈಗೆ ಬಂದಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಪ್ರಶಸ್ತಿಗಳ ಜೊತೆಗೆ ಬಳ್ಳಾರಿಯಲ್ಲಿ ವಸತಿ ಅಕಾಡೆಮಿಯನ್ನೂ ನಡೆಸಿ ಎಳೆಯರನ್ನು ಮೊದಲ ತಂಡಕ್ಕೆ ತಂದಿದೆ. ಆದರೆ ಎರಡೂ ಕಡೆ ಒಡೆತನ ಒಂದೇ ಮನೆತನ ಅಥವಾ ಸಂಸ್ಥೆಯ ಕೈಯಲ್ಲಿದೆ, ಅದರ ಮನಸ್ಸು ಬದಲಾದರೆ ತಂಡಕ್ಕೆ ಬೇರೆ ಆಸರೆಯಿಲ್ಲ.

ಹೈದರಾಬಾದಿನ ಚರಿತ್ರೆಯಿಂದ ಹೊರಡುವ ತೀರ್ಮಾನ ಧಣಿಯ ಗುಣದೋಷಕ್ಕಿಂತ ತಂಡದ ಒಡೆತನದ ಸ್ವರೂಪಕ್ಕೆ ಸೇರಿದ್ದು. ಇಲಾಖೆಯ ತಂಡ ಆಟಗಾರನ ಬದುಕನ್ನು ಕಾಪಾಡಿತು, ಪೇಟೆಯ ಪೈಪೋಟಿಯಲ್ಲಿ ಅವನನ್ನು ಉಳಿಸಿಕೊಳ್ಳಲಾರದೆ ಹೋಯಿತು. ಕೋಲ್ಕತ್ತದ ಸದಸ್ಯರ ಸಂಘಗಳು ಧಣಿಯಿಂದ ಹಣ ಪಡೆದವು, ಹೆಸರು ಮತ್ತು ನೆಲವನ್ನು ಪೂರ್ತಿ ಬಿಟ್ಟುಕೊಡದ ಕಾರಣ ಧಣಿ ಮುಳುಗಿದಾಗ ತೇಲಿದವು. ಹೈದರಾಬಾದಿನ ಫ್ರಾಂಚೈಸಿಗಳಲ್ಲಿ ಹಣ, ಹೆಸರು, ಹಕ್ಕು ಮೂರೂ ಒಂದೇ ಕೈಯಲ್ಲಿದ್ದವು. ಆ ಕೈ ತುಂಬಿದ್ದಾಗ ಪ್ರಶಸ್ತಿ ಬಂತು, ಬರಿದಾದಾಗ ತಂಡವೇ ಹೋಯಿತು. ಜರ್ಮನಿಯಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕ್ಲಬ್ಬಿನ ಮತಾಧಿಕಾರದ ಹೆಚ್ಚಿನ ಪಾಲು ಸದಸ್ಯರಲ್ಲೇ ಇರಬೇಕೆಂಬ ನಿಯಮವಿದೆ. ಭಾರತದ ಲೀಗುಗಳಲ್ಲಿ ಅಂಥ ಕಟ್ಟುಪಾಡಿಲ್ಲ. ಊರಿನ ಹೆಸರು ಹೊತ್ತ ತಂಡದಲ್ಲಿ ಊರಿನವರಿಗೆ ಒಂದಿಷ್ಟಾದರೂ ಪಾಲು ಸಿಗುವವರೆಗೆ, ಒಬ್ಬ ಮಾಲೀಕ ಕಟ್ಟಿದ್ದನ್ನು ಮುಂದಿನವನು ಬೇರೆ ಊರಿಗೆ ಹೊತ್ತೊಯ್ಯುವುದಕ್ಕೆ ತಡೆಯಿರುವುದಿಲ್ಲ.